ಟಿಕೀಟಿನ ಮೇಲೊಂದು ಟಿಕೀಟು

ಭೂಪಟ ಬಿಡಿಸಿ ನೋಡಿ. ಮಡಕಶಿರಾ ತಾಲ್ಲೂಕು ಆಂಧ್ರದ್ದೇ, ಆದರೆ ಕರ್ನಾಟಕದ ಮಗ್ಗುಲಿಗೆ ನುಗ್ಗಿ ಕೂತಿದೆ. ಪಾವಗಡ, ಮಧುಗಿರಿ, ಸಿರಾ, ಹಿರಿಯೂರು ಎಲ್ಲ ಸುತ್ತಲಿನ ನೆಂಟರು. ನೊಳಂಬರು ಆಳಿದ ಹೇಮಾವತಿ ಇರುವುದು ನಮ್ಮ ಅಮರಾಪುರ ಮಂಡಲದಲ್ಲೇ. 1956ರಲ್ಲಿ ರಾಜ್ಯಗಳ ಗೆರೆ ಎಳೆದಾಗ ನಾವು ಅತ್ತ ಉಳಿದೆವು. 2022ರ ಏಪ್ರಿಲ್‌ನಲ್ಲಿ ಜಿಲ್ಲೆಗಳ ಗೆರೆ ಎಳೆದಾಗ ಅನಂತಪುರವನ್ನೂ ಬಿಟ್ಟು ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆವು. ರಾಯದುರ್ಗದವರು ಅನಂತಪುರದಲ್ಲೇ ಉಳಿದರು. ಕಚೇರಿಯ ಕಾಗದ ತೆಲುಗು, ಮನೆಯ ಮಾತು ಕನ್ನಡ. ಹೀಗಾಗಿ ಎರಡು ಸರ್ಕಾರಗಳ ಕಾರಭಾರ ನೋಡುವ ಯೋಗ ಗಡಿನಾಡಿನವರಿಗೆ ಕೂತಲ್ಲೇ ಒದಗಿಬಂದಿದೆ.

ಈ ಎರಡೂ ಸರ್ಕಾರಗಳು ಈಚಿನ ವರ್ಷಗಳಲ್ಲಿ ಒಂದು ಸಣ್ಣ ಚೀಟಿಯ ಹಿಂದೆ ಬಿದ್ದವು. ಅದೇ ಟಿಕೀಟು. ಒಂದು ಸರ್ಕಾರ ಟಿಕೀಟಿನ ದರಕ್ಕೆ ಕೈ ಹಾಕಿತು, ಇನ್ನೊಂದು ಟಿಕೀಟು ಮಾರುವ ಕಿಟಕಿಗೇ ಕೈ ಹಾಕಿತು. ಎರಡೂ ನ್ಯಾಯಾಲಯದ ಮೆಟ್ಟಿಲಲ್ಲಿ ಎಡವಿದವು. ಹಾಡು ಕೇಳಬೇಕು, ಆಟ ನೋಡಬೇಕು ಎನ್ನುವ ಜನ ಮಾತ್ರ ಟಿಕೀಟಿನ ಮೇಲೆ ಇನ್ನೊಂದು ಟಿಕೀಟಿನಷ್ಟು ತೆರುತ್ತಲೇ ಇದ್ದಾರೆ.

ಯಾರ ಅನುಕೂಲ?

ನಮ್ಮ ಕಡೆ ಟಿಕೀಟು ಎಂದರೆ ಹಿರಿಯರಿಗೆ ನೆನಪಾಗುವುದು ನೆಲ, ಬೆಂಚು, ಕುರ್ಚಿ. ಟೆಂಟು ಸಿನಿಮಾ ಇರಲಿ, ನಾಟಕದ ಕಂಪೆನಿ ಇರಲಿ, ತಟ್ಟಿಯಲ್ಲಿ ಒಂದು ಕಿಂಡಿ. ಕೈ ಹಾಕಿದರೆ ಬಣ್ಣದ ಚೀಟಿ. ಪಕ್ಕದ ತುಮಕೂರು ಸೀಮೆಯಲ್ಲಿ 1884ರಲ್ಲಿ ಹುಟ್ಟಿದ ಗುಬ್ಬಿ ಕಂಪೆನಿಯಿಂದ ಹಿಡಿದು ಆಮೇಲೆ ಬಂದ ಕಂಪೆನಿಗಳವರೆಗೆ ಚೀಟಿಯ ಮೇಲೆ ಬರೆದದ್ದೇ ಬೆಲೆ. ಬ್ಲಾಕಿನಲ್ಲಿ ಮಾರುವವನೂ ಇದ್ದ, ಇಲ್ಲವೆನ್ನುವುದಿಲ್ಲ. ಆದರೆ ಅವನನ್ನು ಕಳ್ಳ ಎಂದೇ ಕರೆಯುತ್ತಿದ್ದೆವು.

ಕಳೆದ ವರ್ಷ ಬೆಂಗಳೂರಿನಲ್ಲೊಂದು ಕನ್ನಡ ಹಾಡುಗಳ ಕಾರ್ಯಕ್ರಮ. ನನ್ನ ತಮ್ಮನ ಮಗ ಫೋನು ಹಿಡಿದು ಕೂತ. ತಲೆಗೆ 499 ರೂಪಾಯಿ ಎಂದಿತ್ತು. ನಾಲ್ಕು ಟಿಕೀಟಿಗೆ 1,996. ಹೆಸರು, ನಂಬರು, ಸೀಟು ಎಲ್ಲ ತುಂಬಿ ಕಟ್ಟಕಡೆಯ ಪುಟಕ್ಕೆ ಬಂದಾಗ ಲೆಕ್ಕ 2,231ಕ್ಕೆ ಏರಿತ್ತು.

‘ಇದೇನ್ಲಾ ಮಗ, ಮೇಲಿನ ಇನ್ನೂರ ಮೂವತ್ತೈದು?’ ಅಂದೆ.

‘ಕನ್ವೀನಿಯನ್ಸ್ ಫೀ ದೊಡ್ಡಪ್ಪ. ಅಂದ್ರೆ ಅನುಕೂಲದ ಶುಲ್ಕ.’

‘ಯಾರ ಅನುಕೂಲಕ್ಕೆ?’

ಹುಡುಗ ನಕ್ಕು ಸುಮ್ಮನಾದ. ಕಾರ್ಯಕ್ರಮದ ಜಾಗದಲ್ಲಿ ಕೌಂಟರ್ ಇದೆಯೇ ಎಂದು ಹುಡುಕಿದೆವು. ಇರಲಿಲ್ಲ. ಬೇರೆ ಆ್ಯಪಿನಲ್ಲಿ ಸಿಗುತ್ತದೆಯೇ ಎಂದು ನೋಡಿದೆವು. ಅಲ್ಲೂ ಇಲ್ಲ. ಇದ್ದದ್ದು ಅದೊಂದೇ ಕಿಟಕಿ. ಆ ಕಿಟಕಿಯ ಹೆಸರು ಇಲ್ಲಿ ಮುಖ್ಯವಲ್ಲ, ಅದೊಂದೇ ಇತ್ತು ಎನ್ನುವುದು ಮುಖ್ಯ.

ಆ 235 ರೂಪಾಯಿಯನ್ನು ಬಿಡಿಸಿ ನೋಡೋಣ. ತಲೆಗೆ 500 ರೂಪಾಯಿ ಮೀರದ ಸಂಗೀತ, ನಾಟಕದ ಪ್ರವೇಶಕ್ಕೆ ಜಿಎಸ್‌ಟಿ ಇಲ್ಲ. ಬಡವನೂ ಹಾಡು ಕೇಳಲಿ ಎಂದು ಕೊಟ್ಟ ರಿಯಾಯಿತಿ ಅದು. ಆದರೆ ಅನುಕೂಲದ ಶುಲ್ಕಕ್ಕೆ ಶೇಕಡಾ 18 ಜಿಎಸ್‌ಟಿ ಇದೆ! ತೆರಿಗೆಯಿಲ್ಲದ ಟಿಕೀಟಿಗೆ ತೆರಿಗೆಯುಳ್ಳ ಬಾಲ. ಬ್ಯಾಂಕಿನವರಿಗೆ ಕೊಡಬೇಕಲ್ಲ ಎನ್ನುತ್ತಾರೆ ಕೆಲವರು. ಯುಪಿಐ ಮೂಲಕ ಕೊಟ್ಟ ಹಣಕ್ಕೆ ಬ್ಯಾಂಕುಗಳ ಎಂಡಿಆರ್ ಶುಲ್ಕ 2020ರ ಜನವರಿಯಿಂದ ಸೊನ್ನೆ. ಕಂಪ್ಯೂಟರು, ನೌಕರರು, ಬಾಡಿಗೆ ಎಂಬ ಖರ್ಚು ಇದ್ದೇ ಇದೆ, ಒಪ್ಪೋಣ. ಆದರೆ ಒಂದೇ ಸಲ ಒತ್ತಿ ನಾಲ್ಕು ಟಿಕೀಟು ಕೊಂಡರೆ ನಾಲ್ಕು ಪಟ್ಟು ಖರ್ಚು ಬರುವುದೇ? ಟಿಕೀಟಿನ ಬೆಲೆ ಹತ್ತು ಪಟ್ಟಾದರೆ ಕಂಪ್ಯೂಟರಿಗೆ ಹತ್ತು ಪಟ್ಟು ಆಯಾಸವಾಗುವುದೇ? ಶುಲ್ಕ ನಿಂತಿರುವುದು ಖರ್ಚಿನ ಮೇಲಲ್ಲ ಸ್ವಾಮಿ, ನಮಗೆ ಬೇರೆ ದಾರಿ ಇಲ್ಲ ಎನ್ನುವುದರ ಮೇಲೆ.

ಹಿಂದೂಪುರದ ಮಾರುಕಟ್ಟೆಗೆ ಹುಣಸೆಹಣ್ಣು ಹಾಕುವ ನಮ್ಮ ರೈತನಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ದಳ್ಳಾಳಿ ಎಂದರೇನು, ಕಮಿಷನ್ ಎಂದರೇನು ಅವನಿಗೆ ಗೊತ್ತು. ಒಂದು ಮಂಡಿಯವನು ಜಾಸ್ತಿ ಮುರಿದುಕೊಂಡರೆ ಮುಂದಿನ ಸಲ ಗಾಡಿ ಪಕ್ಕದ ಮಂಡಿಗೆ ತಿರುಗುತ್ತದೆ. ಪಕ್ಕದ ಮಂಡಿಯೇ ಇಲ್ಲದಿದ್ದರೆ? ‘ಅವ್ನು ಹೇಳಿದ್ದೇ ರೇಟು ಕಣಪ್ಪ’ ಎನ್ನುತ್ತಾನೆ. ಏಕಸ್ವಾಮ್ಯ ಎಂಬ ಪುಸ್ತಕದ ಮಾತಿಗೆ ಇದಕ್ಕಿಂತ ಒಳ್ಳೆಯ ಅರ್ಥ ಬೇಕಿಲ್ಲ.

ಬಾಗಿಲು, ಬೀಗ, ಕೀಲಿಕೈ

ಇದು ಬರೀ ಹಳ್ಳಿಯವನ ಗೊಣಗಾಟವಲ್ಲ. ಹೈದರಾಬಾದಿನಲ್ಲಿ ಷೋಟೈಮ್ ಎಂಬ ಟಿಕೀಟು ಸೇವೆ ಕಟ್ಟಹೊರಟ ವಿಜಯ್ ಗೋಪಾಲ್ ಅವರು ಬುಕ್‌ಮೈಷೋ ನಡೆಸುವ ಬಿಗ್ ಟ್ರೀ ಎಂಟರ್‌ಟೈನ್‌ಮೆಂಟ್ ಕಂಪೆನಿಯ ಮೇಲೆ ಭಾರತೀಯ ಸ್ಪರ್ಧಾ ಆಯೋಗಕ್ಕೆ ದೂರು ಕೊಟ್ಟರು. ಚಿತ್ರಮಂದಿರಗಳಿಗೆ ಮುಂಗಡ, ಠೇವಣಿ ಕೊಟ್ಟು, ಶುಲ್ಕದಲ್ಲಿ ಪಾಲು ಕೊಟ್ಟು, ಟಿಕೀಟನ್ನು ಬೇರೆಯವರಿಗೆ ಕೊಡದಂತೆ ಕರಾರು ಮಾಡಿಕೊಳ್ಳುತ್ತಾರೆ, ಹೊಸಬರು ಒಳಗೆ ಕಾಲಿಡಲು ಆಗುವುದಿಲ್ಲ ಎನ್ನುವುದು ದೂರು. ಆ ಕಂಪೆನಿ ಇದನ್ನು ಒಪ್ಪಲಿಲ್ಲ. ಆಯೋಗ 2022ರ ಜೂನ್ 16ರಂದು, ಮೇಲ್ನೋಟಕ್ಕೆ ಇದರಲ್ಲಿ ಹುರುಳಿದೆ ಎಂದು ತನಿಖೆಗೆ ಆದೇಶಿಸಿತು. ತನಿಖೆಯ ಆದೇಶವೇ ತೀರ್ಪಲ್ಲ, ನಿಜ. ಆದರೂ ಬೀಗ ಎಲ್ಲಿ ಬೀಳುತ್ತದೆ ಎನ್ನುವುದನ್ನು ಆ ದೂರು ತೋರಿಸಿಕೊಟ್ಟಿತು. ಶುಲ್ಕದಲ್ಲಿ ತನಗೂ ಪಾಲು ಬರುವುದಾದರೆ ಥಿಯೇಟರಿನವನು ಕೌಂಟರಿನ ಕಿಂಡಿಯನ್ನು ಯಾಕೆ ಉತ್ಸಾಹದಿಂದ ತೆರೆದಾನು?

ಆ ದೂರು ಸಿನಿಮಾ ಟಿಕೀಟಿನದು. ಸಂಗೀತ ಕಾರ್ಯಕ್ರಮಗಳಲ್ಲಿ ಗಂಟು ಇನ್ನೂ ಬಿಗಿ. ಸಿನಿಮಾ ಇವತ್ತು ತಪ್ಪಿದರೆ ನಾಳೆ, ಈ ಊರಲ್ಲದಿದ್ದರೆ ಆ ಊರು. ಹಾಡುಗಾರ ಬರುವುದು ಒಂದೇ ದಿನ. 2025ರ ಜನವರಿಯಲ್ಲಿ ನವಿ ಮುಂಬೈಯಲ್ಲಿ ಕೋಲ್ಡ್‌ಪ್ಲೇ ತಂಡದ ಕಾರ್ಯಕ್ರಮವಿತ್ತು. 2024ರ ಸೆಪ್ಟೆಂಬರ್ 22ರಂದು ಟಿಕೀಟು ಬಿಟ್ಟಾಗ ಒಂದು ಕೋಟಿಗೂ ಹೆಚ್ಚು ಜನ ಆನ್‌ಲೈನಿನಲ್ಲಿ ಸಾಲುಗಟ್ಟಿದರು. 2,500ರಿಂದ 35,000 ರೂಪಾಯಿವರೆಗಿನ ಟಿಕೀಟುಗಳು ಮರುಮಾರಾಟದ ತಾಣಗಳಲ್ಲಿ ಲಕ್ಷಗಳ ಲೆಕ್ಕಕ್ಕೆ ಏರಿದವು. ಮುಂಬೈ ಪೊಲೀಸರ ಆರ್ಥಿಕ ಅಪರಾಧ ವಿಭಾಗ ವಿಚಾರಣೆಗೆ ಕರೆಯಿತು. ಕಾಳಸಂತೆಗೂ ತನಗೂ ಸಂಬಂಧವಿಲ್ಲ ಎಂದಿತು ಬುಕ್‌ಮೈಷೋ. ಬಾಂಬೆ ಹೈಕೋರ್ಟಿಗೆ ಹೋದ ಸಾರ್ವಜನಿಕ ಹಿತಾಸಕ್ತಿ ಅರ್ಜಿ 2025ರ ಜನವರಿಯಲ್ಲಿ ವಜಾ ಆಯಿತು. ಕಾನೂನು ಮಾಡುವುದು ಶಾಸಕಾಂಗದ ಕೆಲಸ ಎನ್ನುವುದು ನ್ಯಾಯಾಲಯದ ನಿಲುವು. ಇಲ್ಲಿ ಗಮನಿಸಬೇಕಾದ್ದು ಇನ್ನೊಂದಿದೆ. ಆ ಕಾರ್ಯಕ್ರಮದ ಟಿಕೀಟು ಮಾರಿದ್ದೂ ಬುಕ್‌ಮೈಷೋ, ಕಾರ್ಯಕ್ರಮ ಏರ್ಪಡಿಸಿದ್ದೂ ಅದರದೇ ಲೈವ್ ವಿಭಾಗ. ಬಾಗಿಲೂ ಅವರದೇ, ಕೀಲಿಕೈಯೂ ಅವರದೇ.

ಅಮೆರಿಕದಲ್ಲಿ ಇದೇ ವಿಷಯ ದೊಡ್ಡ ಮೊಕದ್ದಮೆಯಾಯಿತು. ಕಾರ್ಯಕ್ರಮ ಏರ್ಪಡಿಸುವ ಲೈವ್ ನೇಷನ್, ಟಿಕೀಟು ಮಾರುವ ಟಿಕೆಟ್‌ಮಾಸ್ಟರ್ ಎರಡೂ 2010ರಲ್ಲಿ ಒಂದಾದವು. 2022ರ ನವೆಂಬರಿನಲ್ಲಿ ಗಾಯಕಿ ಟೇಲರ್ ಸ್ವಿಫ್ಟ್ ಅವರ ಪ್ರವಾಸದ ಟಿಕೀಟು ಬಿಟ್ಟಾಗ ವ್ಯವಸ್ಥೆ ಕುಸಿದು, ಸಾರ್ವಜನಿಕ ಮಾರಾಟವನ್ನೇ ರದ್ದು ಮಾಡಬೇಕಾಯಿತು. 2024ರ ಮೇ 23ರಂದು ಅಲ್ಲಿನ ನ್ಯಾಯ ಇಲಾಖೆ ಹಲವು ರಾಜ್ಯಗಳನ್ನು ಜೊತೆಗೂಡಿಸಿಕೊಂಡು ಏಕಸ್ವಾಮ್ಯದ ಆರೋಪದ ಮೇಲೆ ದಾವೆ ಹೂಡಿತು. ಸಭಾಂಗಣಗಳನ್ನು ದೀರ್ಘಕಾಲದ ಕರಾರಿನಲ್ಲಿ ಕಟ್ಟಿಹಾಕಿದ್ದಾರೆ ಎನ್ನುವುದೂ ಆ ಆರೋಪಗಳಲ್ಲೊಂದು. ಹೈದರಾಬಾದಿನ ದೂರಿಗೂ ಇದಕ್ಕೂ ಎಷ್ಟು ಹೋಲಿಕೆ ನೋಡಿ!

ನಮ್ಮಲ್ಲಿ ಈಗ ಎರಡನೆಯ ಅಂಗಡಿ ಬಂದಿದೆಯಲ್ಲ ಎಂದು ಕೇಳುವವರಿದ್ದಾರೆ. ಬಂದಿದೆ. ಜೊಮ್ಯಾಟೊ 2024ರ ಆಗಸ್ಟ್‌ನಲ್ಲಿ ಪೇಟಿಎಂನ ಟಿಕೀಟು ವ್ಯಾಪಾರವನ್ನು 2,048 ಕೋಟಿ ರೂಪಾಯಿಗೆ ಕೊಂಡು ಡಿಸ್ಟ್ರಿಕ್ಟ್ ಎಂಬ ಆ್ಯಪ್ ತಂದಿತು. ಆದರೆ ದೊಡ್ಡ ಕಾರ್ಯಕ್ರಮವಾದರೆ ಒಂದು ಅಂಗಡಿಯಲ್ಲಿದ್ದದ್ದು ಇನ್ನೊಂದರಲ್ಲಿ ಸಿಗುವುದು ಅಪರೂಪ. ಅಂಗಡಿ ಎರಡಾದರೂ ನನಗೆ ಬೇಕಾದ ಸಾಮಾನು ಒಂದರಲ್ಲೇ ಇದ್ದರೆ, ನನ್ನ ಪಾಲಿಗೆ ಅಂಗಡಿ ಒಂದೇ.

ಎರಡು ಸರ್ಕಾರ, ಎರಡು ಮದ್ದು

ಇನ್ನು ಸರ್ಕಾರಗಳ ಮಾತು. ಮೊದಲು ನಮ್ಮ ಆಂಧ್ರ. 2021ರ ಏಪ್ರಿಲ್‌ನಲ್ಲಿ ಹೊರಟ 35ನೇ ಆದೇಶ, ಹಳ್ಳಿಯ ಎ.ಸಿ. ಇಲ್ಲದ ಚಿತ್ರಮಂದಿರಗಳಿಗೆ 5, 10, 15 ರೂಪಾಯಿ ದರ ಗೊತ್ತುಮಾಡಿತು. ಕೇಳಲು ಹಿತವೇ. ಆದರೆ ಐದು ರೂಪಾಯಿಗೆ ಒಂದು ಲೋಟ ಕಾಫಿಯೂ ಸಿಗದ ಕಾಲದಲ್ಲಿ ಥಿಯೇಟರಿನವನು ಕರೆಂಟು ಬಿಲ್ಲು ಎಲ್ಲಿಂದ ಕಟ್ಟಬೇಕು? ಆ ಡಿಸೆಂಬರಿನಲ್ಲಿ ಹೈಕೋರ್ಟು ಆದೇಶವನ್ನು ಅಮಾನತಿನಲ್ಲಿಟ್ಟಿತು. 2022ರ ಮಾರ್ಚಿನಲ್ಲಿ 20ರಿಂದ 250 ರೂಪಾಯಿವರೆಗಿನ ಹೊಸ ದರಗಳು ಬಂದವು.

ಅಷ್ಟಕ್ಕೇ ನಿಲ್ಲಲಿಲ್ಲ. 2022ರ ಜೂನ್‌ನಲ್ಲಿ ಬಂದ 69ನೇ ಆದೇಶದ ಪ್ರಕಾರ ರಾಜ್ಯದ ಆನ್‌ಲೈನ್ ಸಿನಿಮಾ ಟಿಕೀಟುಗಳೆಲ್ಲ ಸರ್ಕಾರದ ಚಲನಚಿತ್ರ ಅಭಿವೃದ್ಧಿ ನಿಗಮದ ಬಾಗಿಲಿನಿಂದಲೇ ಹೋಗಬೇಕಿತ್ತು. ಸೇವಾ ಶುಲ್ಕ ಶೇಕಡಾ ಎರಡರ ಆಸುಪಾಸು. ನನ್ನ ತಮ್ಮನ ಮಗ ತೆತ್ತದ್ದಕ್ಕೆ ಹೋಲಿಸಿದರೆ ಇದು ಏನೂ ಅಲ್ಲ. ಆದರೆ ಖಾಸಗಿಯವರೂ ಸರ್ಕಾರದ ಬಾಗಿಲಿಗೇ ಬಂದು ಸಾಲು ನಿಲ್ಲಬೇಕು ಎಂದಾಗ ಬುಕ್‌ಮೈಷೋ ಮತ್ತು ಮಲ್ಟಿಪ್ಲೆಕ್ಸ್‌ಗಳವರು ಹೈಕೋರ್ಟಿಗೆ ಹೋದರು. ಜುಲೈ 1ರಂದು ತಡೆಯಾಜ್ಞೆ ಬಂತು. ಒಬ್ಬನೇ ದಳ್ಳಾಳಿ ಎಂದು ಅಳುತ್ತಿದ್ದವನಿಗೆ ‘ಇನ್ನು ಮೇಲೆ ನಾನೊಬ್ಬನೇ ದಳ್ಳಾಳಿ’ ಎಂದು ಸರ್ಕಾರವೇ ಹೇಳಿದಂತಾಗಿತ್ತು. ಇಂದು ಶೇಕಡಾ ಎರಡು, ನಾಳೆ ಎಷ್ಟೋ, ಕೇಳುವವರು ಯಾರು?

ಆಚೆ ಕರ್ನಾಟಕದ ಮದ್ದು ಬೇರೆ. 2025ರ ಸೆಪ್ಟೆಂಬರ್ 12ರಂದು ಸಿನಿಮಾ ಟಿಕೀಟು ತೆರಿಗೆ ಬಿಟ್ಟು 200 ರೂಪಾಯಿ ಮೀರಬಾರದು ಎಂಬ ನಿಯಮ ಬಂತು. ಸೆಪ್ಟೆಂಬರ್ 23ರಂದು ಹೈಕೋರ್ಟಿನ ಮಧ್ಯಂತರ ತಡೆ ಬಂತು. 2017ರಲ್ಲೂ ಇದೇ 200 ರೂಪಾಯಿಯ ಪ್ರಯತ್ನ ನಡೆದು ನಿಲ್ಲದೆ ಹೋಗಿತ್ತು. ನಿಂತಿದ್ದರೂ ಅದು ಟಿಕೀಟಿನ ದರದ ಮಾತು, ಅದರ ಬೆನ್ನೇರುವ ಆನ್‌ಲೈನ್ ಶುಲ್ಕದ ಮಾತಲ್ಲ. ಸಂಗೀತ ಕಾರ್ಯಕ್ರಮಕ್ಕಂತೂ ಸಂಬಂಧವೇ ಇಲ್ಲ. ಮಹಾರಾಷ್ಟ್ರ ಈ ಶುಲ್ಕವನ್ನೇ ಬೇಡವೆಂದು 2013, 2014ರಲ್ಲಿ ಆದೇಶ ಮಾಡಿತ್ತು. ಕಾನೂನಿನ ಬಲವಿಲ್ಲದೆ ಹಾಗೆ ನಿಷೇಧಿಸುವಂತಿಲ್ಲ ಎಂದು ಬಾಂಬೆ ಹೈಕೋರ್ಟು 2025ರ ಜುಲೈನಲ್ಲಿ ಆ ಆದೇಶಗಳನ್ನು ತಳ್ಳಿಹಾಕಿತು.

ಇಷ್ಟೆಲ್ಲದರಿಂದ ಗಡಿಯಲ್ಲಿ ಕೂತ ನನಗೆ ಕಂಡದ್ದು ಇಷ್ಟೇ. ದರಕ್ಕೆ ಮೊಳೆ ಹೊಡೆದರೆ ನಿಲ್ಲುವುದಿಲ್ಲ. ಖಾಸಗಿ ಏಕಸ್ವಾಮ್ಯಕ್ಕೆ ಸರ್ಕಾರಿ ಏಕಸ್ವಾಮ್ಯ ಮದ್ದಲ್ಲ. ಬೇಕಾದ್ದು ಎರಡನೆಯ ಕಿಟಕಿ, ಮೂರನೆಯ ಕಿಟಕಿ. ಒಂದೇ ಕಾರ್ಯಕ್ರಮದ ಟಿಕೀಟು ಎರಡು ಮೂರು ಕಡೆ ಸಿಗಲಿ. ಕೌಂಟರಿನಲ್ಲಿ ಶುಲ್ಕವಿಲ್ಲದೆ ಕೊಳ್ಳಲು ಒಂದಷ್ಟು ಟಿಕೀಟು ಮೀಸಲಿರಲಿ. ಸರ್ಕಾರದ ಕಿಟಕಿಯೂ ಇರಲಿ, ಆದರೆ ಹತ್ತರಲ್ಲಿ ಹನ್ನೊಂದನೆಯದಾಗಿ ಇರಲಿ.

ಬೆಂಗಳೂರಿನವನಿಗೆ ಇದು ಅಷ್ಟಾಗಿ ತಟ್ಟಲಿಕ್ಕಿಲ್ಲ. ಕೌಂಟರ್ ತೆರೆದರೆ ಸಿಟಿ ಬಸ್ಸು ಹತ್ತಿ ಹೋಗಿ ತಂದಾನು. ಅಮರಾಪುರದವನು ಸಿರಾಕ್ಕೆ ಹೋಗಿ, ಬಸ್ಸು ಬದಲಿಸಿ, ತುಮಕೂರು ದಾಟಿ ಹೋಗಬೇಕು. ಟಿಕೀಟು ಸಿಗುತ್ತದೋ ಇಲ್ಲವೋ ಎಂದು ಅಷ್ಟು ದೂರ ಹೋಗುವುದುಂಟೇ? ಕೂಲಿನಾಲಿ ಮಾಡಿ ಓದುವ ನಮ್ಮ ಹುಡುಗರಿಗೆ ಕನ್ನಡದ ಹಾಡು, ಕನ್ನಡದ ನಾಟಕ ಸಿಗುವುದು ಗೆರೆಯ ಆಚೆ. ದೂರ ಇದ್ದವನಿಗೇ ಫೋನಿನ ಕಿಟಕಿ ಅನಿವಾರ್ಯ. ಅನಿವಾರ್ಯ ಇದ್ದವನ ಹತ್ತಿರವೇ ಹೆಚ್ಚು ಕಿತ್ತುಕೊಳ್ಳುವುದು ಸುಲಭ. ಆ ದುಡ್ಡಿನಲ್ಲಿ ಒಬ್ಬನ ಹೋಗಿಬರುವ ಬಸ್ ಛಾರ್ಜಿಗೆ ಒಂದು ಪಾಲಾದರೂ ಆಗುತ್ತಿತ್ತು.

ಕೊನೆಗೆ ಓದುಗರಿಗೆ ಉಪಯೋಗಕ್ಕೆ ಬರುವ ಒಂದು ಮಾತು. ಬೆಲೆಯನ್ನು ಮೊದಲು ಕಡಿಮೆ ತೋರಿಸಿ ಕಡೆಯ ಪುಟದಲ್ಲಿ ಏರಿಸುವುದನ್ನು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರದ 2023ರ ನವೆಂಬರ್ 30ರ ಮಾರ್ಗಸೂಚಿ ವಂಚನೆಯ ತಂತ್ರಗಳ ಪಟ್ಟಿಗೆ ಸೇರಿಸಿದೆ. ಹಾಗೆ ಕಂಡುಬಂದರೆ ಪುಟದ ಚಿತ್ರ ತೆಗೆದಿಟ್ಟುಕೊಂಡು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಹೇಳಬಹುದು. ಅಮೆರಿಕದಲ್ಲಿ 2025ರ ಮೇ 12ರಿಂದ ಇಂಥ ಟಿಕೀಟುಗಳ ಪೂರ್ತಿ ಬೆಲೆಯನ್ನು ಮೊದಲೇ ತೋರಿಸಬೇಕೆಂಬ ನಿಯಮ ಜಾರಿಗೆ ಬಂತು. ಪೂರ್ತಿ ಬೆಲೆ ಮೊದಲೇ ಕಂಡರೆ ಶುಲ್ಕ ಇಳಿದೇಬಿಡುತ್ತದೆ ಎಂದಲ್ಲ. ಹೋಗಬೇಕೋ ಬೇಡವೋ ಎಂದು ತೀರ್ಮಾನಿಸುವ ಹಕ್ಕಾದರೂ ನಮ್ಮ ಕೈಯಲ್ಲಿ ಉಳಿಯುತ್ತದೆ.

ಉಳಿದದ್ದು ಎರಡೂ ಸರ್ಕಾರಗಳಿಗೆ ಬಿಟ್ಟದ್ದು. ವಿಜಯವಾಡದವರು ತೆಲುಗಿನಲ್ಲಿ ಕೇಳಿಸಿಕೊಳ್ಳಲಿ, ಬೆಂಗಳೂರಿನವರು ಕನ್ನಡದಲ್ಲಿ ಕೇಳಿಸಿಕೊಳ್ಳಲಿ, ಮಾತು ಒಂದೇ: ಸಂತೆಯಲ್ಲಿ ನಾಲ್ಕು ತಕ್ಕಡಿ ಇದ್ದರೆ ಯಾವ ತಕ್ಕಡಿಯೂ ಬಹಳ ಹೊತ್ತು ವಾಲಿಕೊಂಡು ನಿಲ್ಲುವುದಿಲ್ಲ.