ಪಿತ್ತ ಜಾಸ್ತಿ ಆಗಿದೆಯಾ? ಅಳೆದು ನೋಡೋಣ

ತಲೆ ಸುತ್ತಿದ್ರೆ ಪಿತ್ತ, ವಾಂತಿ ಬಂದ್ರೆ ಪಿತ್ತ. ಹಾಸನದ ಪಕ್ಕ ಇರೋ ನಮ್ಮ ಕೊರವಂಗಲದಲ್ಲಿ ಈ ಡಯಾಗ್ನೋಸಿಸ್ ಯಾರು ಬೇಕಾದ್ರೂ ಕೊಡ್ತಾರೆ. ಆದರೆ ಲಿವರ್ ನಿಜವಾಗಿಯೂ ಪಿತ್ತಾಮ್ಲವನ್ನು, ಅಂದ್ರೆ ಬೈಲ್ ಆಸಿಡ್ ಅನ್ನು, ಜಾಸ್ತಿ ತಯಾರಿಸ್ತಿದೆಯಾ ಅಂತ ರಕ್ತದಲ್ಲೇ ಅಳೆಯಬಹುದು ಅಂತ ನಿಮಗೆ ಗೊತ್ತಾ?

ಮೊದಲು ಸಿಸ್ಟಮ್ ನೋಡೋಣ. ಲಿವರ್ ಕೊಲೆಸ್ಟ್ರಾಲ್‌ನಿಂದ ಪಿತ್ತಾಮ್ಲ ಮಾಡುತ್ತೆ. ಊಟದ ಕೊಬ್ಬು ಜೀರ್ಣವಾಗಲು ಅದು ಬೇಕು. ಕೆಲಸ ಮುಗಿದ ಮೇಲೆ ಸುಮಾರು 95% ಸಣ್ಣ ಕರುಳಿನ ಕೊನೆಯಿಂದ ವಾಪಸ್ ಲಿವರ್‌ಗೆ ಹೋಗುತ್ತೆ. ಆಗ ಕರುಳು ಎಫ್‌ಜಿಎಫ್19 ಅನ್ನೋ ಹಾರ್ಮೋನ್ ಕಳಿಸಿ "ಸಾಕು, ನಿಲ್ಸು" ಅನ್ನುತ್ತೆ. ಪಕ್ಕಾ ನೆಗೆಟಿವ್ ಫೀಡ್‌ಬ್ಯಾಕ್! ಈ ಲೂಪ್ ಕೆಟ್ಟರೆ ಹೆಚ್ಚಾದ ಪಿತ್ತಾಮ್ಲ ದೊಡ್ಡ ಕರುಳಿಗೆ ಹೋಗಿ ನೀರು ಬಿಡಿಸುತ್ತೆ. ವರ್ಷಗಟ್ಟಲೆ ಭೇದಿ.

ಪಿತ್ತಕೋಶ ತೆಗೆಸಿದ ಕೆಲವರಿಗೂ ಈ ತೊಂದರೆ ಬರುತ್ತೆ. ನಮ್ಮ ದೊಡ್ಡಮ್ಮನಿಗೆ ಆ ಆಪರೇಷನ್ ಆದಮೇಲೆ ಭೇದಿ ನಿಂತೇ ಇಲ್ಲ. ಬಸ್ ಹತ್ತೋ ದಿನ ಬೆಳಿಗ್ಗೆಯಿಂದ ಏನೂ ತಿನ್ನಲ್ಲ. "ಟೆನ್ಷನ್ ಮಾಡ್ಕೋಬೇಡಿ" ಅನ್ನೋದಷ್ಟೇ ಅವರಿಗೆ ಸಿಕ್ಕಿರೋ ಉತ್ತರ. ಪಿತ್ತಾಮ್ಲವೇ ಕಾರಣ ಅಂತ ಗೊತ್ತಾದರೆ, ಅದನ್ನು ಕರುಳಲ್ಲೇ ಹಿಡಿದಿಡುವ ಕೊಲೆಸ್ಟೈರಮೈನ್ ಪುಡಿ ಕೊಡಬಹುದು. ಅದಕ್ಕೇ ಈ ಟೆಸ್ಟ್ ಮುಖ್ಯ.

ರಕ್ತದಲ್ಲಿ ಪಿತ್ತಾಮ್ಲವನ್ನೇ ಅಳೆದರೆ ಉಪಯೋಗ ಕಡಿಮೆ; ಊಟ ಮಾಡಿದಾಗೆಲ್ಲ ಅದು ಏರುತ್ತೆ. ಹಾಗಾಗಿ ತಯಾರಿಕೆಯ ಮಧ್ಯದ ಹಂತದಲ್ಲಿ ಸಿಗುವ ಸಿ4 ಎಂಬ ಅಣುವನ್ನು ಹಿಡೀತಾರೆ. ಲಿವರ್‌ನ ಪ್ರೊಡಕ್ಷನ್ ಜೋರಾದಷ್ಟೂ ರಕ್ತಕ್ಕೆ ಸೋರುವ ಸಿ4 ಜಾಸ್ತಿ.

ಕಷ್ಟ ಇರೋದು ಪ್ರಮಾಣದಲ್ಲಿ. ಒಂದು ಮಿಲಿಲೀಟರ್ ಸೀರಮ್‌ನಲ್ಲಿ ಸುಮಾರು 50 ನ್ಯಾನೋಗ್ರಾಂ ದಾಟಿದರೆ ಅನುಮಾನ ಪಡಬೇಕು. ಅಷ್ಟರಲ್ಲೇ ಕೊಲೆಸ್ಟ್ರಾಲ್ ಹತ್ತಿರ ಹತ್ತಿರ 2 ಮಿಲಿಗ್ರಾಂ ಇರುತ್ತೆ, ಅಂದ್ರೆ 40,000 ಪಟ್ಟು. ನೂರು ಗ್ರಾಂ ರಾಗಿಯಲ್ಲಿ ಒಂದು ಕಾಳು ಹುಡುಕಿದ ಹಾಗೆ, ಅದೂ ನೋಡೋಕೆ ಹೆಚ್ಚುಕಮ್ಮಿ ಉಳಿದ ಕಾಳುಗಳಂಥದ್ದೇ!

ಮಷಿನ್ ಹುಡುಕೋ ರೀತಿ ನನಗೆ ತುಂಬಾ ಇಷ್ಟವಾಯ್ತು. ಮೊದಲು ಕ್ರೊಮಟೋಗ್ರಫಿ ಕಾಲಂನಲ್ಲಿ ಸ್ಯಾಂಪಲ್‌ನ ಅಣುಗಳು ಬೇರೆಬೇರೆ ಸಮಯಕ್ಕೆ ಹೊರಬರುತ್ತವೆ. ಆಮೇಲೆ ಅವಕ್ಕೆ ಚಾರ್ಜ್ ಕೊಟ್ಟು, 401 ತೂಕದ ಅಯಾನುಗಳನ್ನು ಮಾತ್ರ ಒಳಗೆ ಬಿಡ್ತಾರೆ. ಅಷ್ಟೇ ತೂಕದ ಬೇರೆ ಅಣುಗಳೂ ಇರಬಹುದಲ್ವಾ? ಅದಕ್ಕೇ ಗ್ಯಾಸ್‌ಗೆ ಡಿಕ್ಕಿ ಹೊಡೆಸಿ ಒಡೆದು, 177 ತೂಕದ ಚೂರನ್ನು ಎಣಿಸ್ತಾರೆ.

ಸ್ಯಾಂಪಲ್ ಶುದ್ಧ ಮಾಡುವಾಗ ಸ್ವಲ್ಪ ಸಿ4 ಕಳೆದುಹೋದ್ರೆ? ಅದಕ್ಕೊಂದು ಉಪಾಯ: ಏಳು ಹೈಡ್ರೋಜನ್ ಬದಲು ಡ್ಯೂಟೀರಿಯಂ ಇರುವ ಸಿ4 ಅನ್ನು ಗೊತ್ತಿರುವಷ್ಟು ಪ್ರಮಾಣದಲ್ಲಿ ಮೊದಲೇ ಬೆರೆಸ್ತಾರೆ. ಅದರ ತೂಕ 408. ದಾರಿಯಲ್ಲಿ ಕಳೆದುಹೋದರೆ ಎರಡೂ ಒಂದೇ ಪ್ರಮಾಣದಲ್ಲಿ ಕಳೆದುಹೋಗುತ್ತವೆ, ರೇಶಿಯೋ ಬದಲಾಗಲ್ಲ.

ಇಷ್ಟೆಲ್ಲ ಆದರೂ ರಕ್ತ ತೆಗೆಯೋ ಹೊತ್ತು ತಪ್ಪಿದರೆ ಲೆಕ್ಕ ಕೆಡುತ್ತೆ. ಸಿ4 ದಿನಕ್ಕೆ ಎರಡು ಸಲ ಏರುತ್ತೆ, ಸುಮಾರು ಮಧ್ಯಾಹ್ನ ಒಂದಕ್ಕೆ, ರಾತ್ರಿ ಒಂಬತ್ತಕ್ಕೆ. ಹಾಗಾಗಿ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲೇ ಸ್ಯಾಂಪಲ್ ಕೊಡಬೇಕು. ಕೊಲೆಸ್ಟ್ರಾಲ್‌ಗೆ ಸ್ಟ್ಯಾಟಿನ್ ಮಾತ್ರೆ ತಗೊಳ್ತಿದ್ರೆ ಅದನ್ನೂ ಮೊದಲೇ ಹೇಳಬೇಕು, ಯಾಕಂದ್ರೆ ಅದು ಸಿ4 ಅನ್ನು ಇಳಿಸುತ್ತೆ.