ಮುಂಗೋಪಿಯ ಜತೆ, ಮಿತಭಾಷಿಯ ಜತೆ

ಬೆಳಗಿನ ಹೊತ್ತು ಬೆಂಗಳೂರಿನ ಮತ್ತಿಕೆರೆಯ ಬಸ್‌ ನಿಲ್ದಾಣದಲ್ಲಿ ನಿಂತರೆ ಜಾಲಹಳ್ಳಿಯ ಬಿ.ಇ.ಎಲ್. ಕಡೆಗೆ, ಟಾಟಾ ಇನ್‌ಸ್ಟಿಟ್ಯೂಟ್ ಕಡೆಗೆ, ನ್ಯೂ ಬಿ.ಇ.ಎಲ್. ರಸ್ತೆಯ ಇಸ್ರೋ ಕೇಂದ್ರ ಕಚೇರಿ ಅಂತರಿಕ್ಷ ಭವನದ ಕಡೆಗೆ ಹೊರಟವರು ಕಾಣುತ್ತಾರೆ. ಸಂಜೆ ಅವರು ಮನೆಗೆ ತರುವ ದೂರುಗಳಲ್ಲಿ ಕೆಲಸದ ಮಾತು ಕಡಿಮೆ, ಮನುಷ್ಯರ ಮಾತೇ ಹೆಚ್ಚು. ಆಯಪ್ಪ ಬಾಯಿ ತೆರೆದರೆ ಮುಚ್ಚುವುದಿಲ್ಲ. ಈಯಮ್ಮ ತೆರೆಯುವುದೇ ಇಲ್ಲ. ಒಬ್ಬರಿಗೆ ಎಲ್ಲವೂ ಇವತ್ತೇ ಆಗಬೇಕು, ಇನ್ನೊಬ್ಬರು ಮೂರು ಸಲ ತಿರುವಿ ನೋಡದೆ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ. ಹುಟ್ಟುಗುಣ ಸುಟ್ಟರೂ ಹೋಗದು ಎಂದು ಕೈಚೆಲ್ಲುವುದು ಸುಲಭ. ಆದರೆ ಗುಣ ಹೋಗಲಿ ಎಂದು ಕಾಯುವ ಅಗತ್ಯವೇ ಇಲ್ಲ. ಗುಣ ಇದ್ದಂತೆಯೇ ಇರಲಿ, ಕಚೇರಿಯ ಪದ್ಧತಿಯನ್ನು ಬದಲಿಸಬಹುದು. ಪದ್ಧತಿ ಕೆಟ್ಟದ್ದಕ್ಕೂ ಕೂಡಿಬಂದದ್ದಕ್ಕೂ ಒಂದೊಂದು ನಿದರ್ಶನ ಮತ್ತಿಕೆರೆಯ ನೆರೆಯ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲೇ, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಸಿಗುತ್ತದೆ.

ಸರ್ ಸಿ.ವಿ. ರಾಮನ್ 1933ರಲ್ಲಿ ಆ ಸಂಸ್ಥೆಯ ನಿರ್ದೇಶಕರಾದರು. ಆ ಹುದ್ದೆಗೇರಿದ ಮೊದಲ ಭಾರತೀಯ ಅವರು. ನೊಬೆಲ್ ಬಂದು ಮೂರೇ ವರ್ಷ. ಅವರ ವೇಗ ದೊಡ್ಡದು, ಮಾತು ಹರಿತ. ಹೊಸ ಭೌತಶಾಸ್ತ್ರ ವಿಭಾಗ ಕಟ್ಟಿದರು, ಹಿಟ್ಲರನ ಜರ್ಮನಿ ಬಿಟ್ಟು ಬಂದಿದ್ದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರನ್ನು 1935ರಲ್ಲಿ ಬೆಂಗಳೂರಿಗೆ ಕರೆಸಿದರು, ಇಲ್ಲೇ ಪ್ರಾಧ್ಯಾಪಕರಾಗಿ ಉಳಿಸಿಕೊಳ್ಳಲು ಹೊರಟರು. ಉಳಿದ ವಿಭಾಗಗಳವರಲ್ಲಿ ಹಣವೆಲ್ಲ ಭೌತಶಾಸ್ತ್ರಕ್ಕೇ ಹೋಗುತ್ತಿದೆ ಎಂಬ ಅಸಮಾಧಾನ ಹೊಗೆಯಾಡುತ್ತಿತ್ತು. ಆ ಸಿಟ್ಟು ಬಿದ್ದದ್ದು ಬಾರ್ನ್ ತಲೆಯ ಮೇಲೆ. ಪ್ರಾಧ್ಯಾಪಕರ ಸಭೆಯಲ್ಲಿ ಆಂಗ್ಲ ಸಹೋದ್ಯೋಗಿಯೊಬ್ಬರು ಎದ್ದು, ತನ್ನ ದೇಶವೇ ಹೊರಹಾಕಿದ ಎರಡನೇ ದರ್ಜೆಯ ಪರದೇಶಿ ನಮಗೇಕೆ ಎಂಬರ್ಥದಲ್ಲಿ ಮಾತಾಡಿದರು. ಮೆದು ಸ್ವಭಾವದ ಬಾರ್ನ್ ಆ ದಿನ ಮನೆಗೆ ಹೋಗಿ ಅತ್ತದ್ದನ್ನು ತಾವೇ ಬರೆದುಕೊಂಡಿದ್ದಾರೆ. ಅವರು 1936ರಲ್ಲಿ ಎಡಿನ್‌ಬರೋಗೆ ಹೋದರು, 1954ರಲ್ಲಿ ನೊಬೆಲ್ ಪಡೆದರು. ಬೆಂಗಳೂರಿಗೆ ಆದ ನಷ್ಟವನ್ನು ಲೆಕ್ಕ ಹಾಕಿದವರಿಲ್ಲ. 1936ರಲ್ಲೇ ಸರ್ ಜೇಮ್ಸ್ ಇರ್ವಿನ್ ಸಮಿತಿ ಬಂದು ಆಡಳಿತವನ್ನು ತಪಾಸಣೆ ಮಾಡಿತು. ಮರುವರ್ಷ ರಾಮನ್ ನಿರ್ದೇಶಕ ಹುದ್ದೆ ಬಿಟ್ಟರು.

ರಾಮನ್ ಸ್ವಭಾವವೇ ಸರಿಯಿರಲಿಲ್ಲ ಎನ್ನುವವರ ಜತೆ ನಾನು ಸೇರಲಾರೆ. ಆ ಆತುರ, ಆ ಹಟ ಇಲ್ಲದಿದ್ದರೆ ನೊಬೆಲ್ ತಂದ 1928ರ ಶೋಧವೂ ಇರುತ್ತಿರಲಿಲ್ಲ. ಕುರ್ಚಿ ಬಿಟ್ಟ ಮೇಲೆ ಅವರು 1948ರವರೆಗೆ ಅದೇ ಸಂಸ್ಥೆಯಲ್ಲಿ ಭೌತಶಾಸ್ತ್ರ ಪ್ರಾಧ್ಯಾಪಕರಾಗಿ ದುಡಿದರು. ಮುಂದೆ ಇಸ್ರೋ ಕಟ್ಟಿದ ವಿಕ್ರಮ್ ಸಾರಾಭಾಯ್ ಎರಡನೇ ಮಹಾಯುದ್ಧದ ವರ್ಷಗಳಲ್ಲಿ ಅವರ ಬಳಿ ಸಂಶೋಧನೆ ಮಾಡಿದ್ದು ಆ ಅವಧಿಯಲ್ಲೇ. ಅಂದರೆ ಮನುಷ್ಯ ಅದೇ, ಗುಣವೂ ಅದೇ. ವಿಭಾಗಗಳ ನಡುವೆ ಹಣ ಹಂಚುವ ಹೊಣೆ ಹೆಗಲಿನಿಂದ ಇಳಿದಿತ್ತು, ಅಷ್ಟೇ.

ಅದೇ ಆವರಣಕ್ಕೆ ಮುಂದೆ ಸತೀಶ್ ಧವನ್ ಬಂದರು. 1962ರಿಂದ 1981ರವರೆಗೆ ನಿರ್ದೇಶಕರು. ಸಾರಾಭಾಯ್ ತೀರಿಕೊಂಡ ಮೇಲೆ ಇಸ್ರೋ ಅಧ್ಯಕ್ಷ ಪದವಿ ಅರಸಿ ಬಂದಾಗ, ಸಂಸ್ಥೆಯ ನಿರ್ದೇಶಕನಾಗಿಯೂ ಉಳಿಯುತ್ತೇನೆ, ಇಸ್ರೋದ ಕೇಂದ್ರ ಕಚೇರಿ ಬೆಂಗಳೂರಿನಲ್ಲಿರಬೇಕು ಎಂದು ಷರತ್ತು ಹಾಕಿ 1972ರಲ್ಲಿ ಒಪ್ಪಿಕೊಂಡರು. ಅವರು ಮೃದುಭಾಷಿ ನಿಜ, ಆದರೆ ಅಲ್ಲಿ ಕೆಲಸ ಮಾಡಿದ್ದು ಬರೀ ಮೃದುತನವಲ್ಲ. ಕಿರಿಯ ಎಂಜಿನಿಯರ್ ಕೂಡ ಹಿರಿಯರ ಲೆಕ್ಕವನ್ನು ಪ್ರಶ್ನಿಸಬಹುದಾದ ರಿವ್ಯೂ ಪದ್ಧತಿಗೆ ಅವರು ಬಲ ಕೊಟ್ಟರು. ಸಭೆಯಲ್ಲಿ ಧೈರ್ಯವಾಗಿ ಬಾಯಿ ಬಿಡಲಾರದವರಿಗೂ ತಮ್ಮ ಲೆಕ್ಕವನ್ನು ಮುಂದಿಡಲು ಇದರಿಂದ ದಾರಿಯಾಯಿತು.

1979ರ ಆಗಸ್ಟ್ 10ರಂದು ಎಸ್.ಎಲ್.ವಿ.-3 ರಾಕೆಟ್ ಬಂಗಾಳ ಕೊಲ್ಲಿಗೆ ಬಿತ್ತು. ಎರಡನೇ ಹಂತದ ನಿಯಂತ್ರಣ ವ್ಯವಸ್ಥೆಯಲ್ಲಿ ಆಮ್ಲ ಸೋರಿತ್ತು. ಉಡಾವಣೆ ತಡೆಯಬೇಕೆಂದು ಕಂಪ್ಯೂಟರ್ ಸೂಚಿಸಿದ್ದರೂ, ತಜ್ಞರ ಮಾತು ನಂಬಿ ಮುಂದುವರಿಸಿದ್ದು ತಾನೇ ಎಂದು ಯೋಜನಾ ನಿರ್ದೇಶಕ ಎ.ಪಿ.ಜೆ. ಅಬ್ದುಲ್ ಕಲಾಂ ಆಮೇಲೆ ಅನೇಕ ಭಾಷಣಗಳಲ್ಲಿ ಹೇಳಿದರು. ಪತ್ರಕರ್ತರ ಮುಂದೆ ಕೂತು ಸೋಲನ್ನು ಹೊತ್ತವರು ಮಾತ್ರ ಧವನ್. 1980ರ ಜುಲೈ 18ರಂದು 35 ಕಿಲೋ ತೂಕದ ರೋಹಿಣಿ ಉಪಗ್ರಹ ಕಕ್ಷೆ ಸೇರಿದಾಗ ಪತ್ರಿಕಾಗೋಷ್ಠಿ ನೀವೇ ನಡೆಸಿ ಎಂದು ಕಲಾಂ ಅವರನ್ನು ಕಳಿಸಿದರು. ಆತುರದವನಿಗೂ ಅಳುಕಿನವನಿಗೂ ಸಮಾನವಾಗಿ ಧೈರ್ಯ ಕೊಡುವ ಇಂಥ ಕ್ರಮವನ್ನು ಯಾವ ಎಚ್.ಆರ್. ತರಬೇತಿಯಲ್ಲೂ ನಾನು ಕಂಡಿಲ್ಲ.

ಆ ತರಬೇತಿಗಳಲ್ಲಿ ಹೆಚ್ಚಾಗಿ ಸಿಗುವುದು ನಾಲ್ಕಕ್ಷರದ ಹಣೆಪಟ್ಟಿ. ಮನೋವಿಜ್ಞಾನಿ ಕಾರ್ಲ್ ಯೂಂಗ್ 1921ರಲ್ಲಿ ಬರೆದ ಪುಸ್ತಕವನ್ನು ಆಧರಿಸಿ ಅಮೆರಿಕದ ತಾಯಿ-ಮಗಳು ಕ್ಯಾಥರಿನ್ ಬ್ರಿಗ್ಸ್ ಮತ್ತು ಇಸಬೆಲ್ ಮೈಯರ್ಸ್ ರೂಪಿಸಿದ ಪ್ರಶ್ನಾವಳಿ ಜನರನ್ನು 16 ಗುಂಪು ಮಾಡುತ್ತದೆ. ಐದೂವರೆ ಅಡಿಗೆ ಗೆರೆ ಎಳೆದು ಮೇಲಿನವರೆಲ್ಲ ಉದ್ದ, ಕೆಳಗಿನವರೆಲ್ಲ ಗಿಡ್ಡ ಎಂದಂತಾಯಿತು. ಬಹಳ ಜನ ಇರುವುದು ಗೆರೆಯ ಆಸುಪಾಸಿನಲ್ಲೇ. ಕೆಲವು ವಾರ ಬಿಟ್ಟು ಮತ್ತೆ ಬರೆಸಿದರೆ ಸಾಕಷ್ಟು ಮಂದಿಯ ಗುಂಪು ಬದಲಾಗುವುದು ಅದಕ್ಕೇ. ಇಂದಿನ ಮನೋವಿಜ್ಞಾನಿಗಳು ಗುಂಪಿಗಿಂತ ಪ್ರಮಾಣವನ್ನು ಅಳೆಯುತ್ತಾರೆ: ಹೊಸತಿಗೆ ತೆರೆದ ಮನಸ್ಸು, ಅಚ್ಚುಕಟ್ಟುತನ, ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಕಳವಳ. ಸಂಶೋಧಕರಾದ ಬ್ಯಾರಿಕ್ ಮತ್ತು ಮೌಂಟ್ 1991ರಲ್ಲಿ ಹಿಂದಿನ ಅಧ್ಯಯನಗಳನ್ನೆಲ್ಲ ಕೂಡಿಸಿ ನೋಡಿದಾಗ ಎಲ್ಲ ಬಗೆಯ ಉದ್ಯೋಗದಲ್ಲೂ ನೆರವಿಗೆ ಬಂದದ್ದು ಅಚ್ಚುಕಟ್ಟುತನ. ಬಹಿರ್ಮುಖತೆಯ ಲಾಭ ಮುಖ್ಯವಾಗಿ ಮಾರಾಟಗಾರರಿಗೆ ಮತ್ತು ಮ್ಯಾನೇಜರುಗಳಿಗೆ.

ಹಾಗಾಗಿ ಪಕ್ಕದ ಮೇಜಿನವರು ಯಾವ ಗುಂಪು ಎಂದು ಹುಡುಕುತ್ತ ಕೂರಬೇಡಿ. ಚರ್ಚೆಯ ವಿಷಯವನ್ನು ಹಿಂದಿನ ದಿನವೇ ಬರೆದು ಕಳಿಸಿ, ಮಿತಭಾಷಿ ಮರುದಿನ ಸಿದ್ಧವಾಗಿ ಬರುತ್ತಾರೆ. ಮೀಟಿಂಗಿನಲ್ಲಿ ಕಿರಿಯರು ಮೊದಲು ಮಾತಾಡಲಿ. ಸಾಹೇಬರು ಬಾಯಿ ಬಿಟ್ಟ ಮೇಲೆ ಉಳಿದವರದ್ದು ಬರೀ ‘ಹೌದು ಸಾರ್’. ಅವಸರದವರಿಗೆ ಗಡುವನ್ನೂ ಅನುಮಾನದವರಿಗೆ ತಪಾಸಣೆಯನ್ನೂ ವಹಿಸಿ, ಆದರೆ ಕೊನೆಯ ತೀರ್ಮಾನ ಯಾರದ್ದೆಂದು ಮೊದಲೇ ಗೊತ್ತಿರಬೇಕು. ಅದು ಗೊತ್ತಿಲ್ಲದೆ ಹುಟ್ಟಿದ ಜಗಳವನ್ನೇ ಬಹಳ ಕಡೆ ಸ್ವಭಾವದ ಜಗಳ ಎಂದು ಕರೆಯುತ್ತಾರೆ.

ಇಲ್ಲಿ ಹೇಳಿದ್ದೆಲ್ಲ ಸ್ವಭಾವದ ಮಾತು. ಎಲ್ಲರೆದುರು ಕೈಕೆಳಗಿನವರನ್ನು ಬೈಯುವುದು, ಜಾತಿ ಎತ್ತಿ ಆಡುವುದು, ಹೆಂಗಸರಿಗೆ ಕಿರುಕುಳ ಕೊಡುವುದು ಆ ಲೆಕ್ಕಕ್ಕೆ ಬರುವುದಿಲ್ಲ. ‘ಅವರು ಸ್ವಲ್ಪ ಹಾಗೇ, ಹೊಂದಿಕೊಂಡು ಹೋಗಮ್ಮ’ ಎನ್ನುವ ಹಿರಿಯರು ಪ್ರತಿ ಕಚೇರಿಯಲ್ಲೂ ಇರುತ್ತಾರೆ. ಲೈಂಗಿಕ ಕಿರುಕುಳದ ದೂರು ಕೇಳಲು ಹತ್ತು ಅಥವಾ ಹೆಚ್ಚು ಮಂದಿ ದುಡಿಯುವ ಕಡೆ ಆಂತರಿಕ ಸಮಿತಿ ಇರಲೇಬೇಕೆಂದು 2013ರ ಕಾಯ್ದೆ ಹೇಳುತ್ತದೆ. ಅದರ ಸದಸ್ಯರು ಯಾರೆಂಬುದನ್ನು ಎಲ್ಲರಿಗೂ ಕಾಣುವ ಕಡೆ ಅಂಟಿಸಿರಬೇಕು. ಅಂಟಿಸದಿದ್ದರೆ ಕೇಳಿ.