ರಿಗ್‌ಗೆ ನಂಬರ್ ಇದೆ, ರಿಗ್ ಮೇಸ್ತ್ರಿಗೆ ಸರ್ಟಿಫಿಕೇಟ್ ಎಲ್ಲಿದೆ?

ಜೆಪಿ ನಗರ, ಬನಶಂಕರಿ, ಬಿಟಿಎಂ ಕಡೆ ಪಿಜಿಯಲ್ಲಿ ಇರೋರಿಗೆ ಬೋರ್‌ವೆಲ್ ರಿಗ್ ಹೊಸದಲ್ಲ. ಎರಡು ದೊಡ್ಡ ಲಾರಿ ಬರ್ತವೆ. ಒಂದರ ಮೇಲೆ ಮಾಸ್ಟ್, ಇನ್ನೊಂದರ ಮೇಲೆ ಕಂಪ್ರೆಸರ್, ಪೈಪು. ನಂಬರ್ ಪ್ಲೇಟ್ ನೋಡಿದ್ರೆ ಸಾಮಾನ್ಯವಾಗಿ ತಮಿಳುನಾಡಿಂದು. ದೇಶದ ರಿಗ್ ವ್ಯಾಪಾರದ ತವರು ಅಂದ್ರೆ ತಿರುಚೆಂಗೋಡು. ಇಂಟರ್ನಲ್ಸ್ ಹಿಂದಿನ ರಾತ್ರಿಯೇ ಅದು ನಮ್ಮ ರೋಡಿಗೆ ಬರೋದು ಯಾಕೆ ಅನ್ನೋದು ಬೇರೆ ಸಂಶೋಧನೆಯ ವಿಷಯ.

ಲಿವರ್ ಹಿಡಿದು ನಿಂತಿರೋ ಮೇಸ್ತ್ರಿ ಏನು ಕಲಿತಿರಬೇಕು, ಅವನಿಗೆ ಪರೀಕ್ಷೆ ಕೊಡೋರು ಯಾರು? ಕಾರು ಓಡಿಸೋಕೆ ಲೈಸೆನ್ಸ್ ಬೇಕು, ಬಾಯ್ಲರ್ ನಡೆಸೋಕೆ ಸರ್ಟಿಫಿಕೇಟ್ ಬೇಕು. ಸಾವಿರ ಅಡಿ ಬಂಡೆ ಕೊರೆಯೋಕೆ? ಇದೇ ಪ್ರಶ್ನೆಯನ್ನು ತೈಲಬಾವಿಯ ರಿಗ್‌ನಲ್ಲಿ ಕೇಳಿದ್ರೆ ಉತ್ತರ ಪೂರ್ತಿ ಬೇರೆ. ಆ ಎರಡು ಉತ್ತರಗಳ ನಡುವಿನ ಅಂತರವೇ ಈ ಲೇಖನ. ಮೆಕ್ಯಾನಿಕಲ್, ಸಿವಿಲ್‌ನವರಿಗೆ ಕೆಲಸದ ವಿಷಯವೂ ಇದರಲ್ಲಿದೆ, ಹಾಗಾಗಿ ಸಿಎಸ್‌ನವರು ಬೇಕಾದ್ರೆ ಸ್ಕ್ರೋಲ್ ಮಾಡಬಹುದು. (ಮಾಡಬೇಡಿ.)

ಮೊದಲು ನಮ್ಮ ಕಾಲ ಕೆಳಗಿನ ಕಲ್ಲು. ಜಯನಗರದಿಂದ ನಡೆದು ಹೋದ್ರೆ ಲಾಲ್‌ಬಾಗ್ ಬಂಡೆ ಸಿಗುತ್ತೆ. ಸುಮಾರು 300 ಕೋಟಿ ವರ್ಷ ಹಳೆಯ ನೈಸ್ ಶಿಲೆ, ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅಂತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ ಗುರುತಿಸಿದೆ. ಆ ಸರ್ವೇಕ್ಷಣೆಯ ರಾಜ್ಯ ಕಚೇರಿ ಇಲ್ಲೇ ಕುಮಾರಸ್ವಾಮಿ ಲೇಔಟ್‌ನಲ್ಲಿ ಇದೆ. ಬಸ್ಸಲ್ಲಿ ದಿನಾ ದಾಟಿ ಹೋದ್ರೂ ನಮ್ಮಲ್ಲಿ ಎಷ್ಟೋ ಜನ ಬೋರ್ಡು ಓದಿರಲ್ಲ. ಲಾಲ್‌ಬಾಗ್‌ನಲ್ಲಿ ಮೇಲೆ ಕಾಣೋ ಕಲ್ಲೇ ಸುತ್ತಮುತ್ತ ಮಣ್ಣಿನಡಿ ಹರಡಿದೆ. ಮೇಲೆ ಮಣ್ಣು, ಅದರ ಕೆಳಗೆ ಶಿಥಿಲವಾದ ಪುಡಿಕಲ್ಲು, ಆಮೇಲೆ ಗಟ್ಟಿ ಬಂಡೆ. ಗಟ್ಟಿ ಬಂಡೆಯಲ್ಲಿ ನೀರು ಕೆರೆ ಥರ ನಿಂತಿರಲ್ಲ, ಬಿರುಕುಗಳಲ್ಲಿ ಇರುತ್ತೆ. ಬಿರುಕು ಸಿಕ್ಕರೆ ನೀರು, ಇಲ್ಲಾಂದ್ರೆ ಸಾವಿರ ಅಡಿ ಹೋದರೂ ಬೂದಿ ಬಣ್ಣದ ಧೂಳು.

ಇಂಥ ಕಲ್ಲಿಗೆ ಬಳಸೋದು ಡೌನ್ ದ ಹೋಲ್ ಹ್ಯಾಮರ್. ಕಂಪ್ರೆಸರ್‌ನಿಂದ ಗಾಳಿ ಪೈಪಿನೊಳಗೆ ಇಳಿದು, ತಳದಲ್ಲಿರೋ ಹ್ಯಾಮರ್‌ನ ಪಿಸ್ಟನ್ ಬಡಿಯುತ್ತೆ. ಬಿಟ್ ಕಲ್ಲನ್ನು ಪುಡಿ ಮಾಡುತ್ತೆ. ಅದೇ ಗಾಳಿ ಪುಡಿಯನ್ನು ಪೈಪಿನ ಹೊರಬದಿಯಿಂದ ಮೇಲಕ್ಕೆ ಊದುತ್ತೆ. ಮೇಸ್ತ್ರಿ ಕಿವಿ ಇಟ್ಟಿರೋದು ಆ ಬಡಿತದ ಸದ್ದಿಗೆ, ಕಣ್ಣು ಇಟ್ಟಿರೋದು ಮೇಲೆ ಬರೋ ಪುಡಿಯ ಬಣ್ಣಕ್ಕೆ. ಸದ್ದು ಬದಲಾದ್ರೆ ಬಿರುಕು, ಪುಡಿ ಕೆಂಪಾದ್ರೆ ಶಿಥಿಲ ಪದರ. ಇದನ್ನು ಯಾವ ಲ್ಯಾಬ್‌ನಲ್ಲೂ ನಮಗೆ ಹೇಳಿಕೊಟ್ಟಿಲ್ಲ. ಅವರು ಕಲಿಯೋದು ಹೆಲ್ಪರ್ ಆಗಿ ಸೇರಿ, ಪೈಪ್ ಜೋಡಿಸ್ತಾ, ಹಿರಿಯನ ಪಕ್ಕ ವರ್ಷಗಟ್ಟಲೆ ನಿಂತು. ಆ ಜ್ಞಾನ ಸುಳ್ಳಲ್ಲ. ಆದ್ರೆ ಅದನ್ನು ಯಾರೂ ಅಳೆದಿಲ್ಲ, ಬರೆದಿಟ್ಟಿಲ್ಲ. ಮೇಸ್ತ್ರಿ ಚೆನ್ನಾಗಿದ್ದಾನೋ ಇಲ್ಲವೋ ಅನ್ನೋದು ಮನೆ ಮಾಲೀಕನಿಗೆ ಗೊತ್ತಾಗೋದು ಹಣ ಕೊಟ್ಟ ಮೇಲೇನೆ.

ಮೇಸ್ತ್ರಿ ಮಾಡಬೇಕಾದ ದೊಡ್ಡ ತೀರ್ಮಾನಗಳು ಎಲ್ಲಾ ಸೇರಿ ಮೂರೋ ನಾಲ್ಕೋ. ಕೇಸಿಂಗ್ ಎಷ್ಟು ಅಡಿ ಇಳಿಸಬೇಕು ಅನ್ನೋದು ಒಂದು. ಪುಡಿಕಲ್ಲು ದಾಟಿ ಗಟ್ಟಿ ಬಂಡೆಯಲ್ಲಿ ಕೇಸಿಂಗ್ ಕೂರಬೇಕು. ಕೂರದಿದ್ರೆ ಮೇಲಿನ ಪದರದ ನೀರು, ನಮ್ಮೂರಲ್ಲಿ ಅಂದ್ರೆ ಚರಂಡಿಯಿಂದ ಇಂಗಿದ್ದೂ ಸೇರಿ, ಪೈಪಿನ ಪಕ್ಕದಲ್ಲೇ ಬಾವಿಗೆ ಇಳಿಯುತ್ತೆ. ಆಮೇಲೆ ಅಪಾರ್ಟ್‌ಮೆಂಟ್‌ನವರು ನೀರಲ್ಲಿ ವಾಸನೆ ಅಂತ ಆರ್‌ಓ ಹಾಕಿಸ್ತಾರೆ. ಆದ್ರೆ ಕೇಸಿಂಗ್‌ಗೆ ಅಡಿ ಲೆಕ್ಕದಲ್ಲಿ ಬೇರೆ ಹಣ. ಹಾಗಾಗಿ ಮಾಲೀಕ ಕಡಿಮೆ ಹಾಕಿ ಅಂತಾನೆ. ಎರಡನೆಯದು ಎಲ್ಲಿ ನಿಲ್ಲಿಸಬೇಕು ಅನ್ನೋದು. ಕೊರೆಯೋ ದರವೂ ಅಡಿ ಲೆಕ್ಕ, ಆಳ ಹೆಚ್ಚಿದಂತೆ ದರವೂ ಏರುತ್ತೆ. ರಿಗ್‌ನವರಿಗೆ ಇನ್ನೂ ನೂರಡಿ ಹೋದ್ರೆ ಲಾಭ, ಮಾಲೀಕನಿಗೆ ಇನ್ನೂ ನೂರಡಿ ಹೋದ್ರೆ ಸಿಗಬಹುದು ಅನ್ನೋ ಆಸೆ. ನಿಲ್ಲಿಸಿ ಅಂತ ಹೇಳೋಕೆ ಅಲ್ಲಿ ಯಾರಿಗೂ ಕಾರಣವೇ ಇಲ್ಲ. 2024ರ ಬೇಸಿಗೆಯಲ್ಲಿ ನಗರದ ಸುಮಾರು 14 ಸಾವಿರ ಸಾರ್ವಜನಿಕ ಬೋರ್‌ವೆಲ್‌ಗಳಲ್ಲಿ ಸುಮಾರು 7 ಸಾವಿರ ಬತ್ತಿವೆ ಅಂತ ಸರ್ಕಾರವೇ ಹೇಳಿತ್ತು. ಆ ಮಾರ್ಚ್‌ನಿಂದ ಜಲಮಂಡಳಿ ಅನುಮತಿ ಇಲ್ಲದೆ ನಗರದಲ್ಲಿ ಹೊಸದು ಕೊರೆಯೋ ಹಾಗಿಲ್ಲ ಅಂತಲೂ ಆಯ್ತು.

ನಡುವೆ ಒಂದು ಮಾತು. "ಎರಡಿಂಚು ನೀರು ಬಿತ್ತು" ಅಂತಾರಲ್ಲ, ಫ್ಲೂಯಿಡ್ಸ್ ಲ್ಯಾಬ್ ನೆನಪಿದ್ಯಾ? ವಿ-ನಾಚ್‌ನಲ್ಲಿ ಹರಿವು ಎತ್ತರದ ಎರಡೂವರೆ ಘಾತದಲ್ಲಿ ಏರುತ್ತೆ. ಅಂದ್ರೆ ಹಾಗೆ ಅಳೆದಾಗ ಎರಡಿಂಚು ಅನ್ನೋದು ಒಂದಿಂಚಿನ ಎರಡರಷ್ಟಲ್ಲ, ಐದೂವರೆ ಪಟ್ಟಿಗೂ ಜಾಸ್ತಿ. ನಾಚ್ ಇಡದೆ ಕಣ್ಣಳತೆಯಲ್ಲಿ ಇಂಚು ಹೇಳೋದು ಎಷ್ಟು ಅಪಾಯ ಅನ್ನೋದನ್ನ ನೀವೇ ಲೆಕ್ಕ ಹಾಕಿ.

ಇನ್ನು ಕಾನೂನು. ಕರ್ನಾಟಕದ ಅಂತರ್ಜಲ ಕಾಯ್ದೆ 2011ರದ್ದು. ರಿಗ್‌ಗಳ ನೋಂದಣಿ ಅದರಲ್ಲಿ ಬರುತ್ತೆ. ಮುಚ್ಚದ ಬೋರ್‌ವೆಲ್‌ಗಳಿಗೆ ಮಕ್ಕಳು ಬೀಳ್ತಿದ್ದದ್ದನ್ನು ನೋಡಿ ಸುಪ್ರೀಂ ಕೋರ್ಟ್ 2010ರಲ್ಲಿ ಮಾರ್ಗಸೂಚಿ ಕೊಟ್ಟಿತು: 15 ದಿನ ಮೊದಲು ಅಧಿಕಾರಿಗಳಿಗೆ ತಿಳಿಸಬೇಕು, ಕೊರೆಯೋ ಏಜೆನ್ಸಿ ನೋಂದಣಿ ಆಗಿರಬೇಕು, ಸ್ಥಳದಲ್ಲಿ ಬೋರ್ಡು ಮತ್ತು ಬೇಲಿ ಇರಬೇಕು, ಕೇಸಿಂಗ್ ಸುತ್ತ ಕಾಂಕ್ರೀಟ್ ಕಟ್ಟೆ ಇರಬೇಕು, ಬಾಯಿಗೆ ಗಟ್ಟಿ ಮುಚ್ಚಳ ಇರಬೇಕು. ಕೈಬಿಟ್ಟ ಬಾವಿಯನ್ನು ನೆಲಮಟ್ಟದವರೆಗೆ ತುಂಬಿದ್ದಾರೆ ಅನ್ನೋದಕ್ಕೆ ಪ್ರಮಾಣಪತ್ರ ಪಡೀಬೇಕು. ಗಮನಿಸಿದ್ರಾ? ಯಂತ್ರಕ್ಕೆ ನೋಂದಣಿ ಇದೆ, ತೂತಿಗೂ ಸರ್ಟಿಫಿಕೇಟ್ ಇದೆ. ಆ ಮಾರ್ಗಸೂಚಿಯಲ್ಲಿ ಲಿವರ್ ಹಿಡಿದವನು ಏನು ಕಲಿತಿರಬೇಕು ಅನ್ನೋ ಮಾತು ಮಾತ್ರ ಇಲ್ಲ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಎರಡು ವರ್ಷವೂ ತುಂಬದ ಮಗು ತೆರೆದ ಬೋರ್‌ವೆಲ್‌ಗೆ ಬಿದ್ದು, ಸುಮಾರು 20 ಗಂಟೆ ನಂತರ ಜೀವಂತವಾಗಿ ಹೊರಬಂತು. ಮಾರ್ಗಸೂಚಿ ಬಂದು ಆಗ 14 ವರ್ಷ ಆಗಿತ್ತು.

ಈಗ ತೈಲಬಾವಿಗೆ ಹೋಗೋಣ. ಅಲ್ಲಿ ಶತ್ರು ಒತ್ತಡ. ಆಳದ ಪದರದಲ್ಲಿರೋ ಅನಿಲ, ಎಣ್ಣೆ ಮೇಲೆ ನುಗ್ಗದ ಹಾಗೆ ತಡೆಯೋದು ಬಾವಿ ತುಂಬ ನಿಂತಿರೋ ಕೆಸರಿನಂಥ ದ್ರವ, ಅದಕ್ಕೆ ಮಡ್ ಅಂತಾರೆ. ಲೆಕ್ಕ ಸುಲಭ: ಒತ್ತಡ ಪಿಎಸ್‌ಐನಲ್ಲಿ = 0.052 × ಮಡ್ ತೂಕ (ಗ್ಯಾಲನ್‌ಗೆ ಪೌಂಡ್) × ಲಂಬ ಆಳ (ಅಡಿ). 10 ಪೌಂಡಿನ ಮಡ್, 10,000 ಅಡಿ ಅಂದ್ರೆ 5,200 ಪಿಎಸ್‌ಐ. ಪದರದ ಒತ್ತಡ 5,500 ಇದ್ರೆ? 300 ಕಮ್ಮಿ ಬಿತ್ತು, ಅನಿಲ ಒಳಗೆ ಬರೋಕೆ ಶುರು. ಇದಕ್ಕೆ ಕಿಕ್ ಅಂತಾರೆ. ಕಿಕ್ ಬಂದಾಗ ಮಡ್ ತೊಟ್ಟಿಯ ಮಟ್ಟ ಏರುತ್ತೆ, ಪಂಪ್ ನಿಲ್ಲಿಸಿದ್ರೂ ಬಾವಿಯಿಂದ ಹರಿವು ಬರ್ತಾನೇ ಇರುತ್ತೆ. ತಕ್ಷಣ ಬ್ಲೋಔಟ್ ಪ್ರಿವೆಂಟರ್ ಮುಚ್ಚಿ, ಡ್ರಿಲ್ ಪೈಪಿನ ಒತ್ತಡ ಓದಬೇಕು. ಅದು 300 ತೋರಿಸ್ತು ಅಂತಿಟ್ಕೊಳ್ಳಿ. 300 ÷ (0.052 × 10,000) ಅಂದ್ರೆ ಸುಮಾರು 0.58. ಹೊಸ ಮಡ್ 10.6 ಪೌಂಡ್ ಇರಬೇಕು. ಅದನ್ನು ನಿಧಾನಕ್ಕೆ ಪಂಪ್ ಮಾಡ್ತಾ, ತಳದ ಒತ್ತಡ ಒಂದೇ ಸಮ ಇರೋ ಹಾಗೆ ಚೋಕ್ ತಿರುಗಿಸ್ತಾ ಹೋಗಬೇಕು. ಕಿಕ್ ಕೈಮೀರಿದ್ರೆ ಅದೇ ಬ್ಲೋಔಟ್.

ಗಣಿತ ಪಿಯುಸಿ ಮಟ್ಟದ್ದು. ಹಾಗಾದ್ರೆ ಸೂಪರ್‌ವೈಸರ್‌ಗೆ ಪರೀಕ್ಷೆ ಯಾಕೆ? ಕಷ್ಟ ಇರೋದು ಒಪ್ಪಿಕೊಳ್ಳೋದರಲ್ಲಿ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯ ಡೀಪ್‌ವಾಟರ್ ಹೊರೈಜನ್ ರಿಗ್‌ನಲ್ಲಿ ಬಾವಿ ಮುಚ್ಚಿದ್ಯಾ ಅಂತ ನೋಡೋ ಪರೀಕ್ಷೆ ಮಾಡಿದ್ರು. ಡ್ರಿಲ್ ಪೈಪಿನಲ್ಲಿ 1,400 ಪಿಎಸ್‌ಐ, ಅದೇ ಬಾವಿಗೆ ಜೋಡಿಸಿದ ಕಿಲ್ ಲೈನ್‌ನಲ್ಲಿ ಸೊನ್ನೆ. ಒಂದೇ ಪಾತ್ರೆಗೆ ಎರಡು ಮಾಪಕ, ಎರಡು ಉತ್ತರ. ಕೆಲಸ ನಿಲ್ಲಿಸಬೇಕಿತ್ತು. ಅದರ ಬದಲು ಬ್ಲಾಡರ್ ಎಫೆಕ್ಟ್ ಅನ್ನೋ ಒಂದು ವಿವರಣೆ ಕೊಟ್ಟು, ಪರೀಕ್ಷೆ ಪಾಸ್ ಅಂತ ಮುಂದೆ ಹೋದ್ರು. ಅದೇ ರಾತ್ರಿ 11 ಜನ ಸತ್ತರು, ಎಣ್ಣೆ 87 ದಿನ ಸಮುದ್ರಕ್ಕೆ ಹರಿಯಿತು. ಅಲ್ಲಿದ್ದವರು ಹೊಸಬರೇನಲ್ಲ. ಕೆಲಸ ತಡವಾಗಿತ್ತು, ಖರ್ಚು ಏರ್ತಾ ಇತ್ತು, ಮನಸ್ಸಿಗೆ ಬೇಕಾದ ಉತ್ತರ ಸಿಕ್ಕಿತು.

ಅದಾದ ಮೇಲೆ ತರಬೇತಿಯ ರೂಪವೇ ಬದಲಾಯಿತು. ತೈಲ ಕಂಪನಿಗಳ ಅಂತರರಾಷ್ಟ್ರೀಯ ಒಕ್ಕೂಟ ಐಓಜಿಪಿ 2012ರಲ್ಲಿ ಐದು ಹಂತದ ತರಬೇತಿ ಸೂಚಿಸಿತು. ಈಗ ಲೋಕದಲ್ಲಿ ನಡೆಯೋದು ಮುಖ್ಯವಾಗಿ ಎರಡು ಸರ್ಟಿಫಿಕೇಟ್: 1992ರಲ್ಲಿ ಶುರುವಾದ ಐಡಬ್ಲ್ಯೂಸಿಎಫ್‌ದು, ಮತ್ತೆ ಐಎಡಿಸಿ ಸಂಸ್ಥೆಯ ವೆಲ್‌ಶಾರ್ಪ್. ಐಡಬ್ಲ್ಯೂಸಿಎಫ್‌ನಲ್ಲಿ ಮೊದಲ ಹಂತ ಬರೀ ಪರಿಚಯ, ಮನೆಯಲ್ಲೇ ಆನ್‌ಲೈನ್ ಮಾಡಬಹುದು. ಮೂರನೆಯದು ಡ್ರಿಲ್ಲರ್‌ಗೆ, ನಾಲ್ಕನೆಯದು ಸೂಪರ್‌ವೈಸರ್‌ಗೆ. ಈ ಎರಡರಲ್ಲಿ ಬರೆಯೋ ಪರೀಕ್ಷೆ ಜೊತೆಗೆ ಸಿಮ್ಯುಲೇಟರ್ ಮೇಲೆ ಪ್ರಾಯೋಗಿಕ ಪರೀಕ್ಷೆ ಇದೆ, ಪಾಸಾಗೋಕೆ 70 ಪರ್ಸೆಂಟ್ ಬೇಕು. ಸಿಮ್ಯುಲೇಟರ್‌ನಲ್ಲಿ ಕಿಕ್ ಯಾವಾಗ ಬರುತ್ತೆ ಅಂತ ಯಾರೂ ಹೇಳಲ್ಲ. ಗಮನಿಸಬೇಕು, ಮುಚ್ಚಬೇಕು, ಲೆಕ್ಕ ಹಾಕಬೇಕು, ಟೀಮಿಗೆ ಬಾಯಿಬಿಟ್ಟು ಹೇಳಬೇಕು. ಮುಖ್ಯ ಸಂಗತಿ ಏನಂದ್ರೆ ಈ ಸರ್ಟಿಫಿಕೇಟ್ ಎರಡೇ ವರ್ಷ ನಡೆಯುತ್ತೆ. ಇಪ್ಪತ್ತು ವರ್ಷ ಅನುಭವ ಇದ್ರೂ ಮತ್ತೆ ಬಂದು ಕೂತು ಬರೀಬೇಕು. ನಮ್ಮ ಡಿಗ್ರಿಗೆ ಹೀಗೆ ಎಕ್ಸ್‌ಪೈರಿ ಇದ್ದಿದ್ರೆ ಕ್ಯಾಂಪಸ್‌ನಲ್ಲಿ ಎಷ್ಟು ಜನ ಉಳೀತಿದ್ವೋ.

ಇದು ಅಮೆರಿಕದ ಕಥೆ ಅಂತ ಬಿಡೋ ಹಾಗಿಲ್ಲ. 2020ರ ಮೇ 27ರಂದು ಅಸ್ಸಾಮಿನ ಬಾಘ್‌ಜಾನ್‌ನಲ್ಲಿ ಆಯಿಲ್ ಇಂಡಿಯಾದ ಬಾವಿಯೊಂದರಲ್ಲಿ ದುರಸ್ತಿ ಕೆಲಸ ನಡೀತಿದ್ದಾಗ ಬ್ಲೋಔಟ್ ಆಯ್ತು. ಜೂನ್ 9ಕ್ಕೆ ಬೆಂಕಿ ಹತ್ತಿ ಇಬ್ಬರು ಅಗ್ನಿಶಾಮಕ ಸಿಬ್ಬಂದಿ ತೀರಿಕೊಂಡರು. ಬಾವಿ ಪೂರ್ತಿ ಹತೋಟಿಗೆ ಬಂದಿದ್ದು ನವೆಂಬರ್ 15ಕ್ಕೆ. ಅಷ್ಟೂ ತಿಂಗಳು ಸುತ್ತಲಿನ ಊರವರು ಶಿಬಿರಗಳಲ್ಲಿದ್ದರು.

ನಮ್ಮಲ್ಲಿ ಈ ತರಬೇತಿಯ ದೊಡ್ಡ ಕೇಂದ್ರ ಡೆಹ್ರಾಡೂನ್‌ನಲ್ಲಿರೋ ಓಎನ್‌ಜಿಸಿಯ ಡ್ರಿಲ್ಲಿಂಗ್ ತಂತ್ರಜ್ಞಾನ ಸಂಸ್ಥೆ. ಓಎನ್‌ಜಿಸಿಯ ಡ್ರಿಲ್ಲಿಂಗ್ ಎಇಇ ಹುದ್ದೆಗೆ ಪೆಟ್ರೋಲಿಯಂನವರಷ್ಟೇ ಅಲ್ಲ, ಮೆಕ್ಯಾನಿಕಲ್‌ನವರನ್ನೂ ತಗೋತಾರೆ. ಇದು ನಮ್ಮ ಸೀನಿಯರ್ಸ್‌ಗೇ ಸರಿಯಾಗಿ ಗೊತ್ತಿರಲ್ಲ. ಸೇರಿದ ಮೇಲೆ ಕಂಪನಿಯೇ ಕಳಿಸಿ ಕೋರ್ಸ್ ಮಾಡಿಸುತ್ತೆ. ಹಾಗಾಗಿ ಪ್ಲೇಸ್‌ಮೆಂಟ್ ಗ್ರೂಪ್‌ಗಳಿಗೆ ಬರೋ "ಐದು ದಿನದಲ್ಲಿ ರಿಗ್ ಸೂಪರ್‌ವೈಸರ್ ಆಗಿ, ಗಲ್ಫ್‌ನಲ್ಲಿ ಕೆಲಸ ಗ್ಯಾರಂಟಿ" ಥರದ ಮೆಸೇಜ್ ನೋಡಿದಾಗ ಸ್ವಲ್ಪ ತಡೀರಿ. ನಾಲ್ಕನೇ ಹಂತದ ಕೋರ್ಸ್ ಸುಮಾರು ಐದು ದಿನದ್ದು ಅನ್ನೋದು ನಿಜ. ಆದ್ರೆ ಅದು ರಿಗ್‌ನಲ್ಲಿ ರಫ್‌ನೆಕ್, ಡೆರಿಕ್‌ಮ್ಯಾನ್, ಅಸಿಸ್ಟೆಂಟ್ ಡ್ರಿಲ್ಲರ್, ಡ್ರಿಲ್ಲರ್ ಅಂತ ಮೆಟ್ಟಿಲು ಹತ್ತಿ ಬಂದವರಿಗೆ, ಇಲ್ಲಾ ಎಂಜಿನಿಯರ್ ಆಗಿ ವರ್ಷಗಟ್ಟಲೆ ರಿಗ್ ಕಂಡವರಿಗೆ. ರಿಗ್ ಮೆಟ್ಟಿಲು ಹತ್ತದವನ ಕೈಯಲ್ಲಿ ಆ ಕಾಗದ ಇದ್ರೆ ಯಾವ ಕಂಪನಿಯೂ ಲಿವರ್ ಕೊಡಲ್ಲ. ಹಣ ಕಟ್ಟೋ ಮುಂಚೆ ಆ ಕೇಂದ್ರಕ್ಕೆ ಮಾನ್ಯತೆ ಇದ್ಯಾ ಅಂತ ಐಡಬ್ಲ್ಯೂಸಿಎಫ್ ಇಲ್ಲವೇ ಐಎಡಿಸಿಯ ಪಟ್ಟಿಯಲ್ಲಿ ನೋಡಿ.

ಮತ್ತೆ ನಮ್ಮ ರೋಡಿನ ರಿಗ್‌ಗೆ ಬರೋಣ. ಬೋರ್‌ವೆಲ್‌ಗೆ ಬ್ಲೋಔಟ್ ಇಲ್ಲ, ಹಾಗಾಗಿ ತೈಲದ ಪರೀಕ್ಷೆಯನ್ನು ಹಾಗೇ ತಂದು ಮೇಸ್ತ್ರಿ ತಲೆ ಮೇಲೆ ಹಾಕಿ ಅಂತ ನಾವು ಹೇಳ್ತಿಲ್ಲ. ಇಂಗ್ಲಿಷ್ ಪ್ರಶ್ನೆಪತ್ರಿಕೆ ಕೊಟ್ರೆ ಒಳ್ಳೆ ಮೇಸ್ತ್ರಿ ಫೇಲ್ ಆಗಿ, ಏಜೆಂಟ್ ಪಾಸ್ ಆಗ್ತಾನೆ. ಅಂತರ್ಜಲ ತರಬೇತಿಗೆ ಅಂತಲೇ ಕೇಂದ್ರ ಅಂತರ್ಜಲ ಮಂಡಳಿಯ ಸಂಸ್ಥೆಯೊಂದು ರಾಯಪುರದಲ್ಲಿದೆ. ಮಂಡಳಿಯ ಪ್ರಾದೇಶಿಕ ಕಚೇರಿ ಬಿಟಿಎಂ ಪಕ್ಕದ ಎಚ್‌ಎಸ್‌ಆರ್ ಲೇಔಟ್‌ನಲ್ಲಿದೆ. ರಿಗ್ ನೋಂದಣಿ ನವೀಕರಣದ ಜೊತೆಗೆ ಮೇಸ್ತ್ರಿಗೆ ಕನ್ನಡದಲ್ಲೋ ತಮಿಳಲ್ಲೋ ಮೂರು ದಿನದ ತರಬೇತಿ, ರಿಗ್ ಮೇಲೆಯೇ ಬಾಯಿಮಾತಿನ ಪರೀಕ್ಷೆ, ಎರಡು ವರ್ಷಕ್ಕೊಮ್ಮೆ ಮತ್ತೆ. ಇಷ್ಟು ಮಾಡೋಕೆ ಹೊಸ ಕಟ್ಟಡ ಬೇಕಾಗಿಲ್ಲ.

ಪಠ್ಯ ಏನಿರಬೇಕು ಅಂತ ನಮ್ಮ ಕ್ಲಬ್ ಮೀಟಿಂಗ್‌ನಲ್ಲಿ ಜಗಳ ಆಯ್ತು. ಸಿವಿಲ್‌ನವರು ಕೇಸಿಂಗ್ ಮೊದಲು ಅಂದ್ರು. ಮೆಕ್ಯಾನಿಕಲ್‌ನವರು ಕಂಪ್ರೆಸರ್ ಹೋಸ್ ಒಡೆದಾಗ ಎಲ್ಲಿ ನಿಂತಿರಬೇಕು ಅನ್ನೋದು ಅಂದ್ರು. ಧೂಳಿನ ಮಾತೂ ಬಂತು: ನೈಸ್ ಪುಡಿಯಲ್ಲಿ ಸಿಲಿಕಾ ಇದೆ, ವರ್ಷಗಟ್ಟಲೆ ಉಸಿರಾಡಿದ್ರೆ ಸಿಲಿಕೋಸಿಸ್ ಬರುತ್ತೆ, ಹೆಲ್ಪರ್ ಹುಡುಗರ ಮುಖಕ್ಕೆ ಒಂದು ಟವೆಲ್ ಬಿಟ್ರೆ ಏನೂ ಇರಲ್ಲ. ಬಾವಿಯಲ್ಲಿ ನೀರು ಬರಲಿ ಬಿಡಲಿ, ಮುಚ್ಚಳ ವೆಲ್ಡ್ ಆಗದೆ ರಿಗ್ ಜಾಗ ಬಿಡಬಾರದು, ಅದರ ಹೊಣೆ ಮಾಲೀಕನ ಜೊತೆ ಮೇಸ್ತ್ರಿದೂ ಅಂತ ಎಲ್ಲರೂ ಒಪ್ಪಿದ್ವಿ. ಕೊನೆಗೆ ಎಲೆಕ್ಟ್ರಿಕಲ್‌ನವಳೊಬ್ಬಳು ಎದ್ದು, ಮೊದಲ ದಿನದ ಮೊದಲ ಪಾಠ ಮಾಸ್ಟ್ ಎತ್ತೋ ಮುಂಚೆ ತಲೆ ಎತ್ತಿ 11 ಕೆವಿ ಲೈನ್ ಎಲ್ಲಿದೆ ಅಂತ ನೋಡೋದು, ಉಳಿದಿದ್ದೆಲ್ಲಾ ಆಮೇಲೆ ಅಂದಳು. ಪಟ್ಟಿಯಲ್ಲಿ ಅದನ್ನೇ ಒಂದನೇ ನಂಬರ್ ಮಾಡಿದ್ವಿ.